ಸುಬ್ಬಾತಾಳ್ ಮಾತಾಡಿದ ಕ್ಯಾಸೆಟ್

ದಂಡಪಾಣಿಗೆ ಹೆಡ್‌ಫೋನ್ ಮಾರುವುದೆಂದರೆ ಹುಡುಗಾಟವಲ್ಲ. ತುಡಿಯಲೂರಿನ ರೇಡಿಯೋ ಅಂಗಡಿಯ ಜಯರಾಮನ್‌ಗೆ ಅದು ಗೊತ್ತಾದದ್ದು ಎಂಬತ್ತೇಳನೆಯ ಇಸವಿಯ ಒಂದು ಬೆಳಿಗ್ಗೆ. ಬೇರೆ ಗಿರಾಕಿಗಳು ಒಂದು ಸಿನಿಮಾ ಹಾಡು ಕೇಳಿ, ತಲೆಯಾಡಿಸಿ, ದುಡ್ಡು ಕೊಟ್ಟು ಹೋಗುತ್ತಿದ್ದರು. ಈ ಪುಣ್ಯಾತ್ಮ ಪೆರಿಯನಾಯಕನಪಾಳ್ಯಂನಿಂದ ಬಸ್ಸು ಹತ್ತಿ ಬಂದವನು, ಜೇಬಿನಿಂದ ಕರ್ಚೀಫು ತೆಗೆದು, ಅದರೊಳಗೆ ಸುತ್ತಿಟ್ಟ ಕ್ಯಾಸೆಟ್ಟನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟ. ಹಾಡು ಗೀಡು ಏನೂ ಬೇಡ, ಇದು ಯಾವುದರಲ್ಲಿ ಚೆನ್ನಾಗಿ ಕೇಳುತ್ತದೋ ಅದನ್ನು ಕೊಡು ಎಂದು ತಮಿಳಿನಲ್ಲಿ ಹೇಳಿ, "ಜ್ವಾಪಾನವಪ್ಪಾ, ಟೇಪು ಸಿಕ್ಕಾಕೊಂಡಾತು" ಎಂದು ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿಕೊಂಡ.

"ಅಯ್ಯೋ, ನಮ್ಮೋರಾ ನೀವು? ಮೊದ್ಲೇ ಹೇಳ್ಬಾರ್ದಾ ಮಾಮ!" ಎಂದ ಜಯರಾಮನ್. ಅವನ ಮನೆಯಲ್ಲೂ ಇದೇ ಕನ್ನಡ.

ದಂಡಪಾಣಿ ಒಂದು ಗಳಿಗೆ ಅವನ ಮುಖವನ್ನೇ ನೋಡಿದ. ಹನ್ನೊಂದು ತಿಂಗಳಾಗಿತ್ತು, ಮಗಳು ಅಳಿಯನನ್ನು ಬಿಟ್ಟರೆ ಬೇರೆ ಯಾರಾದರೂ ಅವನ ಹತ್ತಿರ ಮನೆಮಾತಿನಲ್ಲಿ ಮಾತಾಡಿ. ನೂಲಿನ ಏಜೆಂಟನ ಹತ್ತಿರ ತಮಿಳು, ಟೀ ಅಂಗಡಿಯಲ್ಲಿ ತಮಿಳು. ಕನ್ನಡ ಉಳಿದಿದ್ದದ್ದು ಹೆಂಡತಿಯ ಜೊತೆ, ಅವಳು ಹೋದಳು. ಮಗಳು ಸಾಂತಿ ತಿರುಪ್ಪೂರಿನಲ್ಲಿ; ಹಬ್ಬಕ್ಕೆ ಬರುತ್ತಾಳೆ, ಹೋಗುತ್ತಾಳೆ. ಮಿಕ್ಕ ದಿನವೆಲ್ಲ ಮನೆಯಲ್ಲಿ ಅವನೊಬ್ಬನೇ. ಒಂದೊಂದು ಸಲ ಅನ್ನದ ಪಾತ್ರೆಗೆ, "ಬೆಂದ್ಯೇನೇ?" ಎಂದು ಕೇಳಿ, ತನಗೇ ನಾಚಿಕೆಯಾಗಿ ಸುಮ್ಮನಾಗುತ್ತಿದ್ದ.

"ಇದರಾಗೆ ಏನೈತೆ ಮಾಮ?"

"ನಮ್ ಸುಬ್ಬಾತಾಳ್ ಮಾತಾಡವ್ಳೆ" ಎಂದ.

ನಡೆದದ್ದು ಇಷ್ಟು. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ನಾಲ್ಕು ಪವರ್ ಮಗ್ಗ. ಎರಡು ಅವನದು, ಎದುರಿನ ಎರಡು ಅವಳದು. ಮದುವೆಯಾದಾಗಿನಿಂದ ಹಾಗೆಯೇ. ಹೋದ ಪೊಂಗಲ್‌ಗೆ ಅಳಿಯ ಟೇಪ್‌ರೆಕಾರ್ಡರ್ ತಂದಿದ್ದ. ಮಗ್ಗಗಳ ನಡುವಿನ ಸ್ಟೂಲಿನ ಮೇಲೆ ಅದನ್ನಿಟ್ಟು, ಗುಂಡಿ ಒತ್ತಿ, ಅತ್ತೆಗೆ ಮಾತಾಡಿ ಎಂದು ಹೇಳಿ ಹೊರಗೆ ಹೋದ. ಸುಬ್ಬಾತಾಳ್ ಅದರೆದುರು ನಿಂತು ಮಾತಾಡಿದಳು. ದಂಡಪಾಣಿ ಎದುರಿನ ಮಗ್ಗದ ಪಕ್ಕದಲ್ಲೇ ನಿಂತಿದ್ದ. ಒಂದೊಂದು ಮಾತೂ ಅವನಿಗೆ ನೆನಪಿದೆ. ಮಾರನೆಯ ದಿನ ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಕ್ಯಾಸೆಟ್ ಹಾಕಿದರೆ ಬರೀ ಗಡಗಡ. ಮಗ್ಗದ ಸದ್ದಿನಲ್ಲಿ ಧ್ವನಿ ಮುಚ್ಚಿಹೋಗಿದೆ, ಕಿವಿಯನ್ನು ಪೂರ್ತಿ ಮುಚ್ಚುವಂಥ ಹೆಡ್‌ಫೋನ್ ಹಾಕಿದರೆ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ಅಳಿಯ ಸಮಾಧಾನ ಹೇಳಿದ್ದ. ದಂಡಪಾಣಿ ಆ ಮಾತನ್ನೇ ಹಿಡಿದುಕೊಂಡು ಇಷ್ಟು ದಿನ ನೂಕಿದ್ದ. ಹೆಂಡತಿ ಹೋದರೂ ಅವಳ ಧ್ವನಿ ಮನೆಯಲ್ಲೇ ಇದೆ ಎಂಬುದೊಂದೇ ಅವನಿಗಿದ್ದ ಧೈರ್ಯ.

ಜಯರಾಮನ್ ಕ್ಯಾಸೆಟ್ಟನ್ನು ಅಂಗಡಿಯ ಟೇಪ್‌ರೆಕಾರ್ಡರಿಗೆ ಹಾಕಿದ. ಮೊದಲು ತೋರಿಸಿದ ಹೆಡ್‌ಫೋನಿಗೆ ಸ್ಪಂಜಿನ ತೆಳು ಬಿಲ್ಲೆ. ಹಾಕಿಕೊಂಡ ಮೇಲೂ ಮೇಟ್ಟುಪಾಳ್ಯಂ ರಸ್ತೆಯ ಲಾರಿಗಳೆಲ್ಲ ಕಿವಿಯೊಳಗೇ ಓಡಾಡಿದವು. "ಇದು ಕಿವಿಗಾ, ಇಲ್ಲಾ ಚೆಂದಕ್ಕಾ?" ಎಂದು ತೆಗೆದಿಟ್ಟ.

ಎರಡನೆಯದು ಗಟ್ಟಿಯಾಗಿತ್ತು. ಆದರೆ ಗಟ್ಟಿ ಎಂದರೆ ಎಷ್ಟು ಗಟ್ಟಿ! ಕೆನ್ನೆಲುಬಿನ ಹತ್ತಿರ ಇಕ್ಕಳದಲ್ಲಿ ಹಿಡಿದಹಾಗೆ ಅಮುಕಿತು. ಸದ್ದೂ ಹಾಗೆಯೇ, ದಬದಬ ದಬದಬ. ನಾಲ್ಕು ಮಗ್ಗವೂ ಸೇರಿ ಒಂದೇ ರಾಗಿಮುದ್ದೆ.

"ಈಗಿನ ಹುಡುಗ್ರು ಇದಕ್ಕೇ ಮಾಮ ಸಾಯೋದು!"

"ಸಾಯ್ಲಿ ಬಿಡು. ಬ್ಯಾರೆ ತೋರ್ಸು."

ಮೂರನೆಯದು ಮದ್ರಾಸಿನ ಬರ್ಮಾ ಬಜಾರಿನಿಂದ ತಂದ ಅಗ್ಗದ ಮಾಲು, ಡಬ್ಬದ ಮೇಲೆ ಹೆಸರೂ ಇರಲಿಲ್ಲ. ಅಗಲವಾದ ಬಟ್ಟಲು, ಸುತ್ತ ಕಪ್ಪು ರೆಕ್ಸಿನ್ನಿನ ಮೆತ್ತೆ. ಕಿವಿ ಪೂರ್ತಿ ಒಳಗೆ ಕೂತಿತು. ಬೆವರುವುದೇನೋ ಬೆವರುತ್ತದೆ, ಆದರೆ ಎಲ್ಲೂ ಕಚ್ಚುವುದಿಲ್ಲ. ರಸ್ತೆಯ ಗಲಾಟೆ ನಿಂತಿತು. ದಂಡಪಾಣಿ ಕಣ್ಣು ಮುಚ್ಚಿದ.

"ಭಲೇ!" ಎಂದ. ಕಿವಿ ಮುಚ್ಚಿದ್ದರಿಂದ ಅದು ಕೂಗಿನಂತೆಯೇ ಬಂತು. "ನಾಕು ಮಗ್ಗನೂ ಬ್ಯಾರೆ ಬ್ಯಾರೆ ಕೇಳ್ತದೆ ಕಣಪ್ಪಾ! ಅಕಾ, ಮೂರನೇದ್ರ ತೊಗಲಪಟ್ಟಿ ಸಡಿಲ. ಲಾಳಿ ತಡ್ಕೊಂಡು ಹೋಗ್ತೈತೆ, ಕೇಳು!" ಅವನ ಕಾಲು ತಾನಾಗಿ ತಾಳ ಹಾಕತೊಡಗಿತು. ಇಷ್ಟು ಕಡಿಮೆ ಬೆಲೆಯ ಸಾಮಾನನ್ನು ಹೀಗೆ ಪರೀಕ್ಷೆ ಮಾಡಿದವರನ್ನು ಜಯರಾಮನ್ ಕಂಡಿರಲಿಲ್ಲ. ಬಿಟ್ಟ ಬಾಯಿ ಬಿಟ್ಟಹಾಗೆ ನೋಡುತ್ತಿದ್ದ.

ಆಮೇಲೆ ಅಳಿಯನ ಧ್ವನಿ ಬಂತು. "ಅತ್ತೆ, ಮಾತಾಡ್ರಿ!" ನಾಲ್ಕು ಮಗ್ಗದ ನಡುವೆಯೂ ಅಷ್ಟು ಸ್ಪಷ್ಟ. ಬಳೆ ಸದ್ದಾಯಿತು. ಸುಬ್ಬಾತಾಳ್ ಹತ್ತಿಧೂಳಿಗೆ ಎರಡು ಸಲ ಕೆಮ್ಮಿದಳು. ಅವಳದೇ ಕೆಮ್ಮು! ಎರಡು ಕೈಯಲ್ಲೂ ಬಟ್ಟಲುಗಳನ್ನು ಕಿವಿಗೆ ಒತ್ತಿ ಹಿಡಿದು ಕಾದ. ಮಗ್ಗ ಓಡಿತು. ಮತ್ತೆ ಬಳೆ. ಮತ್ತೆ ಮಗ್ಗ. ಕೊನೆಗೆ ಅಳಿಯ ಬಂದು ಗುಂಡಿ ಒತ್ತಿದ್ದೂ ಕೇಳಿಸಿತು.

"ತಿರುಗಿ ಹಾಕು."

ಮೂರು ಸಲ ತಿರುಗಿ ಹಾಕಿದರು. ಮೂರನೆಯ ಸಲ ದಂಡಪಾಣಿಯ ಕಾಲು ತಾಳ ಹಾಕುವುದನ್ನು ನಿಲ್ಲಿಸಿತು.

ಮಗ್ಗದ ಕೊಟ್ಟಿಗೆಯಲ್ಲಿ ಕಿರುಚುವವರು ಹೊಸಬರು. ಎರಡು ತಿಂಗಳಲ್ಲಿ ಗಂಟಲು ಬಿದ್ದುಹೋದ ಮೇಲೆ ಬುದ್ಧಿ ಬರುತ್ತದೆ. ಅಲ್ಲಿಂದಾಚೆಗೆ ಬರೀ ತುಟಿ; ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಮೂವತ್ತು ವರ್ಷ ಸುಬ್ಬಾತಾಳ್ ಅವನಿಗೆ ಬೈದದ್ದು, ನಕ್ಕದ್ದು, ಊಟಕ್ಕೆ ಕರೆದದ್ದು ಎಲ್ಲ ಹಾಗೆಯೇ. ನೋಡಿದ್ದು ಯಾವುದು, ಕೇಳಿದ್ದು ಯಾವುದು ಎಂಬ ಭೇದವೇ ಅವನಿಗೆ ಉಳಿದಿರಲಿಲ್ಲ. ಅವತ್ತೂ ಪಾಪ, ಮಗ್ಗ ಓಡುತ್ತಿತ್ತಲ್ಲ, ಅವಳು ಟೇಪ್‌ರೆಕಾರ್ಡರಿನ ಮುಂದೆ ನಿಂತು, ಗಂಡನ ಕಡೆ ಮುಖ ಮಾಡಿ, ಬರೀ ತುಟಿಯಲ್ಲೇ ಅಷ್ಟೂ ಹೇಳಿದ್ದಳು.

ದಂಡಪಾಣಿಯ ಮುಖ ಕಂಡು ಜಯರಾಮನ್ ಹೆದರಿದ. "ಸರಿಯಾಗಿ ಕೇಳ್ತಿಲ್ವಾ ಮಾಮ? ಇನ್ನೊಂದು ಐತೆ, ಸ್ವಲ್ಪ ಬೆಲೆ ಜಾಸ್ತಿ..."

"ಬ್ಯಾಡ. ಇದು ಒಳ್ಳೇದು. ಇದರ ತಪ್ಪಿಲ್ಲ." ಹೆಡ್‌ಫೋನ್ ತೆಗೆದು, ಮೆತ್ತೆಯ ಬೆವರನ್ನು ಪಂಚೆಯ ಚುಂಗಿನಿಂದ ಒರೆಸಿಟ್ಟ. "ಅವಳು ಬಾಯಾಡ್ಸವ್ಳೆ, ಧ್ವನಿ ತಗದಿಲ್ಲ. ಮಗ್ಗದಾಗೆ ನಾವು ಹಂಗೇ."

ಜಯರಾಮನ್ ಕ್ಯಾಸೆಟ್ಟನ್ನು ಹೊರತೆಗೆದು ಅವನ ಮುಂದಿಟ್ಟ. ಆಮೇಲೆ ಕೇಳಿದ, "ಏನಂದ್ರು ಮಾಮ ಅತ್ತೆ, ಅವತ್ತು?"

"ಸಾಂತಿ ಇಳ್ದೋಗವ್ಳೆ ಅಂದ್ಲು. ಎಣ್ಣೆ ಮುಗೀತು ಅಂದ್ಲು. ನಿಮ್ಗೊಂದು ಮಾತು ಹೇಳ್ಬೇಕು, ಕರೆಂಟ್ ಹೋಗ್ಲಿ, ಬಾಯಿಬಿಟ್ಟು ಹೇಳ್ತೀನಿ ಅಂದ್ಲು."

"ಹೋಯ್ತಾ ಕರೆಂಟು?"

"ಹೋಯ್ತು. ಮದ್ಯಾನ ಎರಡು ಗಂಟೆಗೆ ಹೋಗಿದ್ದು ನಾಕು ಗಂಟೆಗೆ ಬಂತು. ನನ್ ಪಕ್ದಾಗೇ ಬಂದು ಕುಂತ್ಲು." ದಂಡಪಾಣಿ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಸುತ್ತಿ ಮಡಚಿದ. "ನಿದ್ದೆ ಬರ್ತೈತೆ, ಸುಮ್ನಿರು ಅಂದ್ಬಿಟ್ಟೆ ನಾನು."