ಜವರಯ್ಯ ಕಾದಿದ್ದ ಕೊನೆಯ ಸಂಧಿ

ಲೂರ್ದುಸ್ವಾಮಿಯ ಮಹಾಕಾವ್ಯದ ನಾಲ್ಕು ಸಾಲು ಕೇಳಿಯೇ ಚಾಮುಂಡಿ ಬೆಟ್ಟ ಎರಡು ಗೇಣು ಪಕ್ಕಕ್ಕೆ ಜರುಗಿತ್ತು. ಊರವರು ಗಾಬರಿಯಾಗದಿರಲೆಂದು ಮತ್ತೆರಡು ಸಾಲು ಹಾಡಿ ಅವನೇ ಅದನ್ನು ಸ್ವಸ್ಥಾನಕ್ಕೆ ಕಳಿಸಿದ್ದ. ಇಂಥ ಪದ್ಯಗಳು ಒಂದು ಲಕ್ಷದ ಹನ್ನೆರಡು ಸಾವಿರ! ಅವುಗಳ ಪ್ರತಾಪವನ್ನು ಅವನು ಇಪ್ಪತ್ತಾರು ವರ್ಷ ಬಣ್ಣಿಸಿದ್ದು ಕಡಕೊಳದ ಕಾರ್ಖಾನೆ ಬಸ್ಸಿನಲ್ಲಿ, ಪಕ್ಕದ ಸೀಟಿನ ಜವರಯ್ಯನಿಗೆ.

ಜವರಯ್ಯ ತಿರುಗಿ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಕಾರ್ಖಾನೆ ಗೇಟಿನ ಹೊಂಗೆಮರವನ್ನು, ಕರೆಂಟು ತಂತಿಗೆ ತಾಗುತ್ತದೆಂದು, ವರ್ಷಾವರ್ಷ ಬೋಳಿಸುತ್ತಿದ್ದರು. ಅದು ಮತ್ತೆ ತಂತಿಯ ಕಡೆಗೇ ಚಿಗುರುತ್ತಿತ್ತು.

"ಕಡೀತಾರೆ ಅಂದ್ರೂ ಯಾಕ್ ಚಿಗುರ್ತದಯ್ಯ ಅದು? ನಾವಾದ್ರೂ ಯಾಕ್ ದಿನಾ ಎದ್ದು ಪಾಳಿಗ್ ಬತ್ತೀವಿ?"

"ಕಾವ್ಯದ ಕೊನೇ ಸಂಧೀಲಿ ಅದೇ ಇರೋದು. ಈಗ್ಲೇ ಹೇಳಿದ್ರೆ ನೀನು ತಡ್ಕೊಳಲ್ಲ ಕಣೋ."

ಈಗ ಜವರಯ್ಯನ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೋಮವಾರದಿಂದ ಹೋಗುವುದಿಲ್ಲ, ಸಾಕು ಎಂದು ಹಟ ಹಿಡಿದಿದ್ದ. ಅವನ ಹೆಂಡತಿ ಕೆಂಚಮ್ಮ ಫೋನು ಮಾಡಿದಳು.

"ಲೂರ್ದಣ್ಣ, ಅದೇನೋ ಕೊನೇ ಸಂಧಿ ಕೇಳುದ್ಮೇಲೆ ನೋಡುವ ಅಂತವ್ರೆ. ಬಂದು ಓದ್ಬುಡಿ, ನಿಮ್ ದಮ್ಮಯ್ಯ."

ಕಂಕುಳಲ್ಲಿ ದಪ್ಪ ನೋಟ್‌ಬುಕ್ಕು ಇಟ್ಟುಕೊಂಡು ಲೂರ್ದುಸ್ವಾಮಿ ರಾಮಕೃಷ್ಣನಗರದ ಅವರ ಮನೆಗೆ ಹೋದ. ಬಾತ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ ಜವರಯ್ಯ ನಕ್ಕ.

"ಇಷ್ಟೇಯಾ? ಲಾರೀಲಿ ತತ್ತೀಯ ಅಂದ್ಕಂಡಿದ್ದೆ."

"ಉಳಿದಿದ್ದರ ಮೇಲೆ ನನ್ ಹೆಂಡ್ತಿ ಗ್ರೇಸಿ ಹಾಸಿಗೆ ಹಾಸ್ಕೊಂಡು ಮಲಗ್ತಾಳೆ. ಮಂಚ ಮಾರಿಬಿಟ್ವಿ."

ಲೂರ್ದುಸ್ವಾಮಿ ಗಂಟಲು ಸರಿಮಾಡಿಕೊಂಡು ಓದಿದ. "ಬೇರು ಕತ್ತಲಲ್ಲಿ ನೀರನ್ನು ಹುಡುಕುವುದು, ನೀರಿದೆಯೆಂದು ಯಾರೂ ಹೇಳದಿದ್ದರೂ..."

ಜವರಯ್ಯ ಕಣ್ಣು ಮುಚ್ಚಿದ. "ಚೆಂದಾಗದೆ. ಇನ್ನೊಂದ್ ಸಲ ಓದು."

"ಬೇರು ಮಣ್ಣನ್ನು ನಂಬಿ ಇಳಿಯುವುದು..."

"ಆಗ್ಲೇ ನೀರು ಅಂದೆ."

"ಪಾಠಾಂತರ ಕಣೋ. ಮಹಾಕಾವ್ಯ ಅಂದ್ಮೇಲೆ ಇದ್ದಿದ್ದೇ."

"ಮೂರ್ನೇ ಸಲ ಓದು."

ಮೂರನೇ ಸಲ ಬಂದದ್ದು ಬಂಡೆಯ ವಿಷಯ. ಕಾಫಿ ತಂದ ಕೆಂಚಮ್ಮ ಪುಟವನ್ನು ಇಣುಕಿದಳು. "ಅಣ್ಣ, ಇದ್ರಲ್ಲಿ ಏನೂ ಬರ್ದೇ ಇಲ್ವಲ್ಲ!"

ಲೂರ್ದುಸ್ವಾಮಿ ಪುಸ್ತಕ ಮುಚ್ಚಿದ. "ಒಂದು ಪದ್ಯಾನೂ ಬರ್ದಿಲ್ಲ. ರಿಟೈರ್ ಆದ್ಮೇಲೆ ಒಂದು ತಿಂಗಳು ಕೂತೆ. ಏನೂ ಬರ್ಲಿಲ್ಲ."

"ಕಾವ್ಯ ಆಳಾಗೋಗ್ಲಿ ಬುಡು," ಎಂದ ಜವರಯ್ಯ. ಅವನು ಈಗ ನಗುತ್ತಿರಲಿಲ್ಲ. "ಆ ಮರದ್ ಪ್ರಶ್ನೆಗೆ ಉತ್ತರ ಏಳು. ಸೋಮವಾರ ನಾನ್ ಯಾಕ್ ಓಗ್ಬೇಕು, ಅದೊಂದ್ ಏಳು."

ಗಂಡನ ತಲೆಯ ಹಿಂದೆ ನಿಂತ ಕೆಂಚಮ್ಮ ಲೂರ್ದುಸ್ವಾಮಿಗೆ ಕೈಮುಗಿದಳು. ಒಂದು ಸುಳ್ಳು ಸಾಕಿತ್ತು. ಜಗತ್ತಿನ ಸುಳ್ಳುಗಳೆಲ್ಲ ಅವನ ಬಾಯಲ್ಲೇ ಹುಟ್ಟಿ ಬೆಳೆದಿದ್ದವು. ಇವತ್ತು ಒಂದೂ ಓಗೊಡಲಿಲ್ಲ.

"ಗೊತ್ತಿಲ್ಲ ಕಣೋ ಜವರ," ಎಂದ. "ಯಾವತ್ತೂ ಗೊತ್ತಿರ್ಲಿಲ್ಲ. ನೀನು ಆ ಪ್ರಶ್ನೆ ಕೇಳ್ದಾಗೆಲ್ಲ ನಂಗೆ ಹೆದರಿಕೆ ಆಗ್ತಿತ್ತು. ಅದಕ್ಕೇ ಅಷ್ಟೊಂದು ಬೊಗಳೆ ಬಿಡ್ತಿದ್ದೆ."