ಶನಿವಾರದಾಟದ ಹಿಂದಿನ ಸಾಲು

ಬಾಯಿ ಮುಚ್ಚುತ್ತಿರಲಿಲ್ಲ. ದೊಡ್ಡಮುನಿಯಪ್ಪ ಸತ್ತ ತಮ್ಮನ ಗದ್ದದ ಕೆಳಗೆ ಬಿಳಿ ಬಟ್ಟೆ ಕೊಟ್ಟು ನೆತ್ತಿಯ ಮೇಲೆ ಗಂಟು ಬಿಗಿಯುತ್ತಿದ್ದ. ಕೈ ತೆಗೆದ ಕೂಡಲೇ ಗದ್ದ ಮೆಲ್ಲಗೆ ಜಾರುತ್ತಿತ್ತು. ಮುನಿವೆಂಕಟಪ್ಪ ಇನ್ನೇನು ಕೂಗಿಯೇ ಬಿಡುತ್ತಾನೆ ಅನ್ನಿಸುತ್ತಿತ್ತು.

"ಇನ್ನೊಂದು ಸುತ್ತು ಬಿಗಿಯಣ್ಣ," ಎಂದರು ಜಗಲಿಯ ಮೇಲಿದ್ದವರು.

"ಬಿಗಿದೆ ಕಣ್ರಯ್ಯ. ಮೂರು ವರ್ಸದಿಂದ ಕರೆದ್ರೆ ಓ ಅನ್ನದೋನು, ಈಗ ಬಾಯ್ ತಕ್ಕೊಂಡು ಮಲಗವ್ನೆ. ತಿರುಗಿ ಸೈತ ನೋಡ್ತಿರ್ಲಿಲ್ಲ. ಪ್ಯಾಟೆ ಸಾವಾಸದ ಕೊಬ್ಬು!"

ಬೈಯುತ್ತಲೇ ಅವನ ಕಣ್ಣು ತುಂಬಿತು. ಅಷ್ಟರಲ್ಲಿ ದೊಡ್ಡಬಳ್ಳಾಪುರದಿಂದ ಇದ್ದಿಲಿನ ಬಸ್ಸು ಕೆಮ್ಮುತ್ತ ಕೆಮ್ಮುತ್ತ ಬಂದು ಸಾಸಲು ಹಳ್ಳಿಯ ಆಲದ ಮರದಡಿ ನಿಂತಿತು. ಯುದ್ಧ ಮುಗಿದಿದ್ದರೂ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನಿಂದ ಇಳಿದವರೆಲ್ಲ ಅರ್ಧ ಕಮ್ಮಾರರಾಗಿ ಇಳಿಯುತ್ತಿದ್ದರು. ಇಳಿದವರು ಮೂವರು. ಕೋಟು ರುಮಾಲಿನ ಲಕ್ಷ್ಮಯ್ಯ, ಪೇಟೆಯಲ್ಲಿ ವಾರವಾರ ನಡೆಯುವ ಶನಿವಾರದಾಟದ ಯಜಮಾನ. ಅವನ ಹಿಂದೆ ಚಿಕ್ಕಬೀರಪ್ಪ, ಆಟದ ಹಾಸ್ಯಗಾರ. ಸಾವಿನ ಮನೆಗೆ ತಕ್ಕ ಮುಖ ಹುಡುಕುತ್ತ ಬರುತ್ತಿದ್ದ. ಕೊನೆಯಲ್ಲಿ, ಸೆರಗನ್ನು ತಲೆಯ ಮೇಲೆ ಹೊದ್ದ ನಲವತ್ತರ ಹೆಂಗಸು, ರುಕ್ಮಿಣಮ್ಮ.

"ಯಾರ್ಲಾ ಅವ್ಳು?"

"ಶನಿವಾರದಾಟದಾಗೆ ಕುಣಿಯೋಳು ಕಣೋ."

"ಇಲ್ಲಿಗ್ಯಾಕೆ ಬಂದ್ಲು?"

"ಅದೇ ಗೊತ್ತಾಗ್ಲಿಲ್ಲ ನೋಡು," ಎಂದವನ ದನಿಯಲ್ಲಿ ಎಲ್ಲವೂ ಗೊತ್ತಿದ್ದಂತಿತ್ತು.

ಲಕ್ಷ್ಮಯ್ಯ ಹೆಣಕ್ಕೆ ಹಾರ ಹಾಕಿ, ಕಣ್ಣೊರೆಸಿಕೊಂಡು, ಒರೆಸಿಕೊಂಡದ್ದನ್ನು ಎಷ್ಟು ಜನ ನೋಡಿದರು ಎಂದು ನೋಡಿದ. ತಲೆಯ ಬಳಿ ಕುಳಿತಿದ್ದ ಪಿಳ್ಳಮ್ಮ ಗಂಡನ ಹೆಸರು ಹಿಡಿದು ಅಳುತ್ತಿದ್ದವಳು ರುಕ್ಮಿಣಮ್ಮನನ್ನು ಕಂಡು ಅಳುವನ್ನು ಅರ್ಧಕ್ಕೇ ನಿಲ್ಲಿಸಿದಳು.

*

ಶನಿ ಹಿಡಿದರೂ ಏಳೂವರೆ ವರ್ಷಕ್ಕೆ ಬಿಡುತ್ತಾನೆ. ಲಕ್ಷ್ಮಯ್ಯನ ಶನಿವಾರದಾಟ ದೊಡ್ಡಬಳ್ಳಾಪುರವನ್ನು ಇಪ್ಪತ್ತು ವರ್ಷವಾದರೂ ಬಿಟ್ಟಿರಲಿಲ್ಲ. ಎಣ್ಣೆ ಗಾಣದ ಹಳೆಯ ಕೊಟ್ಟಿಗೆಯಲ್ಲಿ ಅದು ಶುರುವಾದಾಗ ಇದ್ದದ್ದು ಒಂದು ಗ್ರಾಮಾಫೋನು, ಸೀರೆ ಉಟ್ಟ ಇಬ್ಬರು ಗಂಡಸರು. ಪೆಟ್ಟಿಗೆ ಹಾಡುತ್ತಿತ್ತು, ಗಂಡಸರು ಮೀಸೆ ಮುಚ್ಚಿಕೊಂಡು ಕುಣಿಯುತ್ತಿದ್ದರು. ಆಮೇಲೆ ಹಾರ್ಮೋನಿಯಂ ಬಂತು, ತಬಲ ಬಂತು. ಟಾಕಿ ಬಂದಾಗ, ಮುಗಿಯಿತು ಲಕ್ಷ್ಮಯ್ಯನ ಕತೆ ಅಂದರು ಜನ. ಲಕ್ಷ್ಮಯ್ಯ ನಿಜವಾದ ಹೆಂಗಸನ್ನೇ ಗ್ಯಾಸ್‌ಲೈಟಿನ ಬೆಳಕಿಗೆ ತಂದು ನಿಲ್ಲಿಸಿದ. ಅವಳು ರುಕ್ಮಿಣಮ್ಮ. ಹಾಡುವವಳೂ ಅವಳೇ, ಕುಣಿಯುವವಳೂ ಅವಳೇ. ಪ್ಲೇಗಿಗೆ ಊರು ಖಾಲಿಯಾದ ವಾರ ಒಂದನ್ನು ಬಿಟ್ಟರೆ ಆಟ ನಿಂತದ್ದಿಲ್ಲ.

ಆದರೆ ಲಕ್ಷ್ಮಯ್ಯನಿಗೆ ಜನರ ಮೇಲೆ ನಂಬಿಕೆ ಇರಲಿಲ್ಲ. ಚೆನ್ನಾಗಿದ್ದರೂ ಬಾಯಿಬಿಟ್ಟು ಹೇಳದ ಜನ. 'ವನ್ಸ್ ಮೋರ್' ಎಂದು ಮೊದಲು ಕೂಗುವವನೊಬ್ಬ ಬೇಕು, ಮಿಕ್ಕವರು ಹಿಂದೆ ಬರುತ್ತಾರೆ ಎಂಬುದು ಅವನ ಲೆಕ್ಕ. ಶನಿವಾರ ಶನಿವಾರ ಸೌದೆ ಗಾಡಿ ಹೊಡೆದುಕೊಂಡು ಬರುತ್ತಿದ್ದ ಮುನಿವೆಂಕಟಪ್ಪ ಒಂದು ದಿನ ಗಾಣದ ಸಂದಿಯಲ್ಲಿ ತನ್ನ ಎತ್ತುಗಳಿಗೆ "ಹೋ!" ಅಂದ. ಪಕ್ಕದ ಬೀದಿಯ ಎತ್ತುಗಳೂ ನಿಂತವು.

"ಗೌಡ್ರೇ," ಎಂದು ಲಕ್ಷ್ಮಯ್ಯ ಓಡಿ ಬಂದ, "ಈ ಗಂಟ್ಲು ಬಾಡಿಗೆಗೆ ಸಿಗತ್ತಾ?"

ಅಂದಿನಿಂದ ಹಿಂದಿನ ಸಾಲಿನ ಬೆಂಚಿನ ತುದಿ ಅವನದು. ಆಟಕ್ಕೆ ಮುಂಚೆ ಇಡ್ಲಿ, ಕಾಫಿ. ಯಜಮಾನ ಪರದೆಯ ಪಕ್ಕದಿಂದ ಕೆಂಪು ವಸ್ತ್ರದಲ್ಲಿ ಮುಖ ಒರೆಸಿಕೊಂಡರೆ ಕೂಗಬೇಕು. ಒರೆಸದಿದ್ದರೆ ಬಾಯಿಗೆ ಬೀಗ. ಇದು ಆಟದವರಿಗೆಲ್ಲ ಗೊತ್ತಿತ್ತು. ಹಾಗಾಗಿ ಆ ಕೂಗಿಗೆ ರುಕ್ಮಿಣಮ್ಮ ಎಂದೂ ಹಿಗ್ಗಿದವಳಲ್ಲ.

ಹೋದ ವರ್ಷ ಗೌರಿ ಹಬ್ಬದ ಮರುಶನಿವಾರ ಮಾತ್ರ ಬೇರೆಯಾಯಿತು. ಮಂಡಿ ನೋವು ಹಲ್ಲುಕಚ್ಚಿ ನುಂಗಿ ಅವಳು ಕುಣಿದು ಮುಗಿಸಿದ್ದಳು. ಲಕ್ಷ್ಮಯ್ಯ ಮುಖ ಒರೆಸಲಿಲ್ಲ; ಅವನ ಪಕ್ಕದಲ್ಲಿ ಹೊಸ ಹುಡುಗಿ ಗೆಜ್ಜೆ ಕಟ್ಟಿಕೊಂಡು ಸಿದ್ಧಳಾಗಿದ್ದಳು. ಅಪ್ಪಣೆಯೇ ಇಲ್ಲದೆ ಹಿಂದಿನ ಸಾಲಿನಿಂದ ಕೂಗು ಬಂತು. ಎತ್ತು ನಿಲ್ಲಿಸುವಂಥ ಕೂಗು. ರುಕ್ಮಿಣಮ್ಮ ಮತ್ತೆ ಕುಣಿದಳು, ಮಂಡಿ ಇರುವುದೇ ಮರೆತು.

ಈ ವಾರ ಲಕ್ಷ್ಮಯ್ಯ ಮಾತು ತೆಗೆದಿದ್ದ. "ಮುಂದಿನ ಶನಿವಾರದಿಂದ ಹುಡುಗಿ ಕುಣೀಲಿ. ನೀನು ಪರದೆ ಹಿಂದೆ ಕೂತು ಹಾಡು. ನಿನ್ನ ಗಂಟ್ಲಿಗೆ ವಯಸ್ಸಾಗಿಲ್ಲ."

"ಹೇಳ್ತೀನಿ ಯಜಮಾನ್ರೇ," ಎಂದಿದ್ದಳು. ಮರುದಿನವೇ ಸಾಸಲಿನಿಂದ ಸಾವಿನ ಸುದ್ದಿ ಬಂತು. ಆ ಒಂದು ಕೂಗು ಮೆಚ್ಚಿ ಕೂಗಿದ್ದೋ, ಯಾರೋ ಕೂಗಿಸಿದ್ದೋ ತಿಳಿಯದೆ ಅವಳಿಗೆ ಜವಾಬು ಹೇಳುವ ಧೈರ್ಯವಿರಲಿಲ್ಲ.

*

"ನಮ್ ಮುನಿಯಂಕಟಪ್ಪ ಅಲ್ಲಿ ಏನ್ ಕಿಸೀತಿದ್ದ ಅಂತ ಯಾವತ್ತೂ ಬಾಯ್ ಬಿಡ್ಲಿಲ್ಲ ಕಣಪ್ಪ. ನೀನಾದ್ರೂ ಹೇಳು," ಎಂದು ಅಂಗಳದಲ್ಲಿ ಯಾರೋ ಚಿಕ್ಕಬೀರಪ್ಪನನ್ನು ಕೆಣಕಿದರು.

ಹಾಸ್ಯಗಾರನಿಗೆ ಕೇಳಿದರೆ ಹೇಳುತ್ತಾನೆಯೇ? ಮಾಡಿಯೇ ತೋರಿಸಿದ. ಕತ್ತು ಉದ್ದ ಮಾಡಿ, ಕಣ್ಣು ಮುಚ್ಚಿ, "ವನ್ಸ್ ಮೋ...ರೇಯ್!"

ಮಾಡಿನ ಮೇಲಿದ್ದ ಕಾಗೆಗಳು ಎದ್ದವು. ದೊಡ್ಡಮುನಿಯಪ್ಪ ಹೆಣವನ್ನು ನೋಡಿದ, ಎಲ್ಲರೂ ಹೆಣವನ್ನೇ ನೋಡಿದರು. ಅಷ್ಟು ತದ್ರೂಪು.

"ಲೇ, ಸಾವಿನ ಮನೇಲಿ ಮಂಗನಾಟ ಆಡ್ತೀಯಾ? ಹಲ್ಲು ಉದುರಿಸ್ಬಿಡ್ತೀನಿ!" ಎಂದ ದೊಡ್ಡಮುನಿಯಪ್ಪ.

"ತಪ್ಪಾಯ್ತು ಗೌಡ್ರೇ. ದುಃಖದಲ್ಲಿ ದನಿ ಜಾಸ್ತಿ ಬಂದ್ಬಿಡ್ತು."

ರುಕ್ಮಿಣಮ್ಮ ಎದ್ದು ಅಂಗಳಕ್ಕೆ ಬಂದಳು. ಅವನ ತೋಳು ಹಿಡಿದು ಹುಲ್ಲಿನ ಮೆದೆಯ ಮರೆಗೆ ಎಳೆದಳು. "ಹೋದ ವರ್ಷ ಗೌರಿ ಹಬ್ಬ ಆದ್ಮೇಲೆ ಕೂಗಿದ್ದು ನೀನಾ?"

"ಯಾವತ್ತು ರುಕ್ಮಿಣಕ್ಕ?"

"ಯಜಮಾನ್ರು ಮುಖ ಒರೆಸದೇ ಇದ್ದಾಗ ಕೂಗಿದ್ದು."

"ನಿನ್ನಾಣೆ ಅಲ್ಲ."

"ಅವರ ದನಿ ನಿನ್ನ ಬಾಯಲ್ಲಿದೆಯಲ್ಲೋ!"

"ಊರಿನ ಅಮಲ್ದಾರರ ದನೀನೂ ನನ್ನ ಬಾಯಲ್ಲಿದೆ. ಹಂಗಂತ ಕಂದಾಯ ನಾನು ವಸೂಲಿ ಮಾಡಿದ್ನಾ?" ಎಂದ ಚಿಕ್ಕಬೀರಪ್ಪ. ಅವಳು ನಗಲಿಲ್ಲ. ಅವನೂ ನಗು ನುಂಗಿಕೊಂಡ. "ಅಲ್ಲ ಅಂದ್ರೆ ನೀನು ನಂಬಲ್ಲಕ್ಕ. ಹೌದು ಅಂತ ಸುಳ್ಳು ಹೇಳಿದ್ರೆ ತಕ್ಷಣ ನಂಬ್ತೀಯ."

ಲಕ್ಷ್ಮಯ್ಯ ಅಲ್ಲಿಗೂ ಬಂದ. "ನೀನೇ ಅವನಿಗೆ ಕೂಗು ಅಂತ ಹೇಳ್ಕೊಟ್ಟಿದ್ದೀಯ ಅಂದ್ಕೊಂಡಿದ್ದೆ ನಾನು, ರುಕ್ಮಿಣಿ. ಆವತ್ತು ಬೈದ್ರೆ ಆ ಮನುಷ್ಯ ಸುಮ್ನೆ ನಕ್ಕ."

"ನಾನು ಅವರ ಜೊತೆ ಒಂದು ಮಾತಾಡಿದೋಳಲ್ಲ ಯಜಮಾನ್ರೇ."

"ಇರ್ಲಿ ಬಿಡು. ನಿಜವಾಗ್ಲೂ ಮೆಚ್ಚಿ ಕೂಗಿದ್ದ ಅಂತಾನೇ ಇಟ್ಕೋ. ನಿನ್ನ ಹಾಡೋ ಗಂಟ್ಲಿಗೆ ಕೂಗಿರ್ತಾನೆ, ಕುಣಿಯೋ ಕಾಲಿಗಲ್ಲ. ನಾನು ಹೇಳಿದ್ದೂ ಅದನ್ನೇ ತಾನೆ?"

ತಮಟೆ ಶುರುವಾಯಿತು. ಹೆಣ ಎತ್ತಿದರು.

ಗಂಡಸರು ಹೊಲದ ಕಡೆ ಹೋದ ಮೇಲೆ ಹೆಂಗಸರು ಪಿಳ್ಳಮ್ಮನನ್ನು ಬಾವಿಕಟ್ಟೆಗೆ ಕರೆತಂದರು. ಹಣೆತುಂಬ ಕುಂಕುಮ, ಮೊಳ ಮಲ್ಲಿಗೆ, ಎರಡೂ ಕೈಗೆ ಹಸಿರು ಬಳೆ. ಮಣ್ಣು ಮುಗಿಸಿ ಗಂಡಸರು ಬರುವುದರೊಳಗೆ ಎಲ್ಲವನ್ನೂ ತೆಗೆಯಬೇಕು. ಹಿರಿಯ ವಿಧವೆ ಅಮ್ಮಯಮ್ಮ ಬಳೆ ಒಡೆಯಲು ಕೈಗೆ ಹಿಡಿಯುವಂಥ ಕಲ್ಲೊಂದನ್ನು ಆರಿಸಿ ತಂದಿದ್ದಳು.

ರುಕ್ಮಿಣಮ್ಮ ಹತ್ತಿರ ಬಂದಾಗ ಹೆಂಗಸರು ದಾರಿ ಬಿಡಲಿಲ್ಲ. ಪಿಳ್ಳಮ್ಮ ಬಿಡಿಸಿದಳು.

"ಬರ್ಲಿ ಬಿಡ್ರಿ. ನಾನೂ ಒಂದು ಮಾತು ಕೇಳ್ಬೇಕು." ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಂಗೂ ಅವ್ರಿಗೂ ಏನಿತ್ತವ್ವ? ಇವತ್ತಾದ್ರೂ ನಿಜ ಹೇಳು."

"ಏನೂ ಇರ್ಲಿಲ್ಲಕ್ಕ. ನಾನು ಹಾಡಿದ್ದನ್ನ ಅವರು ಕೇಳಿದ್ರು. ಅಷ್ಟೇ."

ಪಿಳ್ಳಮ್ಮನ ಹುಬ್ಬು ಗಂಟಾಯಿತು. "ಏನು ಕೇಳಿದ್ರು?"

"ನನ್ನ ಹಾಡು."

"ಸುಳ್ಳು ಹೇಳಿದ್ರೂ ನಂಬೋ ಹಂಗೆ ಹೇಳು. ಅವ್ರಿಗೆ ಕಿವಿ ಎಲ್ಲಿತ್ತು? ಮೂರು ವರ್ಸ ಆಯ್ತು ಹೋಗಿ. ಪಕ್ಕದಲ್ಲಿ ಗುಡುಗಿದ್ರೂ ಗೊತ್ತಾಗ್ತಿರ್ಲಿಲ್ಲ."

"ಅಯ್ಯೋ ನಿನ್ನ," ಎಂದಳು ಅಮ್ಮಯಮ್ಮ, "ಊರೆಲ್ಲ ಕೊಬ್ಬು ಅಂತಿದ್ವಲ್ಲೇ!"

"ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕೊಂಡಿದ್ರು. ಗೊತ್ತಾದ್ರೆ ಆಟಕ್ಕೆ ಸೇರ್ಸಲ್ಲ ಅಂತ ಭಯ. ಕೆಂಪು ಬಟ್ಟೆ ಕಂಡ್ರೆ ಕೂಗಿದ್ರಾಯ್ತು, ಅದ್ಕೆ ಕಿವಿ ಯಾಕೆ ಅಂತಿದ್ರು."

ರುಕ್ಮಿಣಮ್ಮ ಕಟ್ಟೆಯ ಅಂಚನ್ನು ಹಿಡಿದುಕೊಂಡಳು. "ಹೋದ ವರ್ಷ, ಗೌರಿ ಹಬ್ಬ ಆದ್ಮೇಲಿನ ಶನಿವಾರ..."

"ಅದನ್ನ ಮರೆಯಕ್ಕಾಗ್ತದಾ ನಂಗೆ? ಮಾರನೇ ಬೆಳಿಗ್ಗೆ ಸಗಣಿ ಬಾಚಕ್ಕೆ ಹೋಗ್ತೀನಿ, ಎತ್ತಿನ ಮುಂದೆ ನಿಂತ್ಕೊಂಡು ಹೆಂಗಸಿನ ಥರ ಕೈ ತಿರುಗಿಸ್ತಾ ಅವ್ರೆ! 'ನೆನ್ನೆ ಆಯಮ್ಮ ಹಿಂಗೆ ತಿರುಗಿಸಿದ್ಲು ಕಣೇ, ಕೊಳದಾಗೆ ಮೀನು ತಿರುಗಿದಂಗೆ. ತಡೀಲಾರ್ದೆ ಕೂಗ್ಬಿಟ್ಟೆ. ನೀನೂ ನೋಡ್ಬೇಕಿತ್ತು' ಅಂದ್ರು. ಹಾಸಿಗೆ ಹಿಡಿಯೋ ತನಕ ಅದನ್ನೇ ಮಾಡಿ ತೋರ್ಸೋರು. ಏನೂ ಇಲ್ದೆ ಗಂಡಸು ಹಂಗಾಡ್ತಾನಾ? ಆವತ್ತಿಂದ ದಿನಾ ನಿಂಗೆ ಶಾಪ ಹಾಕಿದೀನಿ."

ದೂರದಲ್ಲಿ ತಮಟೆ ನಿಂತಿತು. ಮಣ್ಣಿಗೆ ಹೋಗದೆ ಉಳಿದಿದ್ದ ಲಕ್ಷ್ಮಯ್ಯನ ದನಿ ಬಾವಿಯ ಆಚೆಯಿಂದ ಬಂತು: "ರುಕ್ಮಿಣಿ, ಬಸ್ಸಿಗೆ ಹೊತ್ತಾಯ್ತು! ಆ ಹುಡುಗಿಗೆ ಏನು ಹೇಳ್ಲಿ?"

"ಇನ್ನೊಂದಷ್ಟು ವರ್ಷ ಕಾಯಕ್ಕೆ ಹೇಳಿ," ಎಂದಳು ರುಕ್ಮಿಣಮ್ಮ, ಪಿಳ್ಳಮ್ಮನ ಮುಖದಿಂದ ಕಣ್ಣು ತೆಗೆಯದೆ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು, "ಹೆಂಗೆ ತಿರುಗಿಸ್ತಿದ್ರು ಅಕ್ಕ?"

"ಗಂಡಸರು ಬಂದ್ಬಿಡ್ತಾರೆ, ಕೈ ಕೊಡೇ," ಎಂದು ಅಮ್ಮಯಮ್ಮ ಕಲ್ಲೆತ್ತಿದಳು.

ಪಿಳ್ಳಮ್ಮ ಕೈ ಕೊಡಲಿಲ್ಲ. ಆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳು ಜೋಡಿಸಿ, ಮಣಿಕಟ್ಟನ್ನು ಒಮ್ಮೆ ತಿರುಗಿಸಿದಳು. ಗಂಡ ಮಾಡಿದ್ದನ್ನು ಅಷ್ಟು ದಿನ ಹೊಟ್ಟೆಕಿಚ್ಚಿನಿಂದ ನೋಡಿ ನೋಡಿ ಕಲಿತ ಕೈ. ಎಲ್ಲ ಸರಿಯಿತ್ತು, ಹೆಬ್ಬೆರಳು ಮಾತ್ರ ಒಳಗೆ ಮಡಿಸಿಕೊಂಡಿತ್ತು.

ರುಕ್ಮಿಣಮ್ಮ ಒದ್ದೆ ಕಲ್ಲಿನ ಮೇಲೆ ಮಂಡಿಯೂರಿ ಕುಳಿತು, ಆ ಹೆಬ್ಬೆರಳನ್ನು ಮೆಲ್ಲಗೆ ಹೊರಗೆ ಬಿಡಿಸಿದಳು.

"ಹಿಂಗಕ್ಕ."

ಪಿಳ್ಳಮ್ಮ ಮತ್ತೊಮ್ಮೆ ತಿರುಗಿಸಿದಳು. ಹಸಿರು ಬಳೆಗಳು ಮಣಿಕಟ್ಟಿನಿಂದ ಮೊಣಕೈಗೆ ಒಂದರ ಹಿಂದೊಂದು ಸದ್ದು ಮಾಡುತ್ತ ಇಳಿದವು. ಅಮ್ಮಯಮ್ಮ ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು.