ಕರಡಿಗೆಯೊಳಗಿನ ನೀಲಿ

"ಕೈ ತಗಿಯವ್ವ, ನೀರುಯ್ಬೇಕು," ಮಗ ಸೋಮೇಶ ಎರಡನೇ ಸಲ ಹೇಳಿದ. ಮಲ್ಲಾಜಮ್ಮ ಸತ್ತ ಗಂಡ ಪುಟ್ಟಬಸಪ್ಪನ ಎದೆ ಮೇಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯೊಳಗೆ ಹಿಡಿದುಕೊಂಡೇ ಕೂತಿದ್ದಳು.

"ಇದ ಬಿಚ್ಬ್ಯಾಡ ಕಣ್ ಮಗ. ಹಿಂಗೇ ಉಯ್ರಿ."

"ಲಿಂಗ ತಗ್ದು ಕೈಲಿಡದೆ ಮಣ್ ಮಾಡಾರಾ? ಗುಂಡ್ಲುಪೇಟೆಯಿಂದ ಸ್ವಾಮಿಗಳು ಹೊಂಟವ್ರೆ. ಅವ್ರೇ ಬಿಚ್ತಾರೆ ಬುಡು."

ಅದೇ ಅವಳ ಭಯ. ಆ ಕರಡಿಗೆಯಲ್ಲಿ ಲಿಂಗವಿರಲಿಲ್ಲ. ಲಿಂಗ ಕಳಕೊಂಡವನೆಂದು ಹರದನಹಳ್ಳಿಗೆ ಗೊತ್ತಾದರೆ, ಹಿರೀಕರ ಸಮಾಧಿ ಸಾಲಿನಲ್ಲಿ ಪುಟ್ಟಬಸಪ್ಪನಿಗೆ ಜಾಗ ಕೊಟ್ಟಾರೋ ಇಲ್ಲವೋ.

ಜಗುಲಿಯಲ್ಲಿ ಮೈದುನ ಶಾಂತರಾಜು ಹೇಳುತ್ತಿದ್ದ: "ಗುಂಡ್ಲುಪೇಟೇಲಿ ಯಾರ್ ಬಚ್ಚಲ್ಗೋದ್ರೂ ನಮ್ಮಣ್ಣ ಆಕಿದ್ ಟೈಲ್ಸೇ ಕಣ್ಲಾ. ಇನ್ ಮೀಯುವಾಗೆಲ್ಲ ಜ್ಞಾಪ್ಕಕ್ ಬತ್ತಾನೆ." ಅಳುತ್ತಿದ್ದವರೂ ನಕ್ಕರು.

*

ಪುಟ್ಟಬಸಪ್ಪ ಮದುವೆಯಾದ ಹೊಸದರಲ್ಲಿ ಗಾರೆ ಕೆಲಸಕ್ಕೆಂದು ಇರಾನಿಗೆ ಹೋದವನು, ಇಸ್ಫಹಾನ್ ಎಂಬ ಊರಿನ ಹಳೇ ಮಸೀದಿಯ ರಿಪೇರಿಗೆ ಸೇರಿಕೊಂಡಿದ್ದ. ವಾಪಸು ಬಂದು ಅವಳನ್ನು ಹಿತ್ತಲಲ್ಲಿ ಕೂರಿಸಿಕೊಂಡು ಹೇಳಿದ್ದ.

"ನಮ್ಮೂರ್ ಕೆರೆಯಟ್ಗಲ ಮೈದಾನ ಕಣಮ್ಮಿ. ಸುತ್ತ ಎರಡಂತಸ್ತು ಕಮಾನು. ಒಂದ್ ಕಡೆ ಆ ಮಸೀದಿ, ಗುಮ್ಮಟ ಪೂರಾ ನೀಲಿ. ಬಾಗ್ಲು ಮೈದಾನಕ್ ಮೊಕ ಮಾಡ್ಯದೆ, ಒಳೀಕೋದ್ರೆ ದಾರಿ ಓರೆಗ್ ತಿರುಕತ್ತದೆ. ಬಾಗ್ಲು ಊರ್ಗೆ, ಒಳಗು ಅವ್ರ ದೇವ್ರ ದಿಕ್ಗೆ."

ಆಮೇಲೆ ದನಿ ತಗ್ಗಿಸಿದ್ದ. ಗೋಡೆಗೆ ಕಟ್ಟಿದ ಸಾರುವೆ ಹತ್ತುವಾಗ ಕರಡಿಗೆ ಬಾಯಿ ಬಿಟ್ಟು ಲಿಂಗ ಗಾರೆಯೊಳಗೆ ಬಿತ್ತಂತೆ. ಎಷ್ಟು ಕೈಯಾಡಿಸಿದರೂ ಸಿಗಲಿಲ್ಲವಂತೆ. ಬರಿದಾದ ಕರಡಿಗೆ ಕಟ್ಟಿಕೊಳ್ಳಲಾರದೆ, ಗುಡಿಸಿ ಹಾಕಿದ್ದ ನೀಲಿ ಟೈಲಿನ ಚೂರೊಂದನ್ನು ಒಳಗಿಟ್ಟುಕೊಂಡಿದ್ದ.

"ಸ್ವಾಮಿಗಳತ್ರ ಬ್ಯಾರೆ ಕಟ್ಟಿಸ್ಕಳಿ."

"ಕೇಳಕೋದ್ರೆ ಕಳ್ದೋಯ್ತು ಅಂತ ಬಾಯ್ಬುಡ್ಬೇಕಲ್ಲಮ್ಮಿ."

ಅಂದಿನಿಂದ ಮನೆಗೆ ಬೆನ್ನು ಕೊಟ್ಟು, ಗೋಡೆಗೆ ಮುಖ ಮಾಡಿ ಪೂಜೆಗೆ ಕೂರುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ.

*

ಸಮಾಧಿಗೆ ತೋಡಿದ ಗುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಪುಟ್ಟಬಸಪ್ಪನನ್ನು ಕೂರಿಸಿದರು. ಗುಂಡ್ಲುಪೇಟೆಯ ಮಲ್ಲಿಕಾರ್ಜುನಸ್ವಾಮಿಗಳು ಕೆಳಗಿಳಿದು ಕರಡಿಗೆ ಬಿಚ್ಚಿದರು. ಅವರ ಕೈ ಅಲ್ಲೇ ನಿಂತಿತು.

"ಯಾಕ್ ಬುದ್ಧೀ?" ಶಾಂತರಾಜು ಮೇಲಿಂದ ಬಗ್ಗಿದ.

ಸ್ವಾಮಿಗಳು ತಲೆಯೆತ್ತಿ ಮಲ್ಲಾಜಮ್ಮನನ್ನು ನೋಡಿದರು. ಅವಳ ಕಾಲ ಬುಡದ ಹಸಿಮಣ್ಣು ಕುಸಿದು ಗುಣಿಯೊಳಗೆ ಉದುರಿತು.

"ಎಲ್ರೂ ಕಣ್ಮುಚ್ಕಂಡು ಶಿವನ ನೆನೀರಪ್ಪ. ನಾ ಹೇಳೋಗಂಟ ಬುಡಬ್ಯಾಡಿ."

ಎಲ್ಲರೂ ಮುಚ್ಚಿದರು. ಮಲ್ಲಾಜಮ್ಮನಿಗೆ ಮುಚ್ಚಲು ಧೈರ್ಯ ಬರಲಿಲ್ಲ. ಸ್ವಾಮಿಗಳು ನೀಲಿ ಚೂರನ್ನು ಪುಟ್ಟಬಸಪ್ಪನ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಸೆಟೆದ ಬೆರಳು ಬಿಚ್ಚಿಕೊಂಡಿತು. ಮತ್ತೆ ಮಡಿಸಿದರು. ಮತ್ತೆ ಬಿಚ್ಚಿತು. ಅದರ ಮೇಲೆ ಬೊಗಸೆ ತುಂಬ ವಿಭೂತಿ ಸುರಿದರು, ಇನ್ನೊಂದು ಬೊಗಸೆ.

"ಕಣ್ ಬುಡನಾ ಬುದ್ಧೀ?" ಶಾಂತರಾಜು ಕೇಳಿದ.

ಬಿಳಿ ಗುಪ್ಪೆಯ ತುದಿಯಲ್ಲಿ ನೀಲಿಯ ಒಂದು ಮೂಲೆ, ಇಳಿಬಿಸಿಲಿಗೆ, ಇನ್ನೂ ಹೊಳೆಯುತ್ತಲೇ ಇತ್ತು.